ಚೌಕದಮ್ಮನ ತಿರುಗುವ ಕೋಡ್‌ಗಳು

ನಮ್ಮ ದೊಡ್ಡಮ್ಮನನ್ನು ಬೀದಿಯಲ್ಲಿ ಎಲ್ಲರೂ ಚೌಕದಮ್ಮ ಎಂದು ಕರೆಯುತ್ತಾರೆ. ಮೊದಲು ಹಾಗೆ ಕರೆದವನು ಎದುರು ಸಾಲಿನ ಚಪ್ಪಲಿ ರಿಪೇರಿಯವನು. ಅವಳ ಮೇಜಿನ ಮೇಲೆ, ಗೋಡೆಯ ಮೇಲೆ, ಕೆಲವು ಸಲ ಅವಳಿಗೇ ಗೊತ್ತಿಲ್ಲದಂತೆ ಅವಳ ಮೊಣಕೈಗೆ ಅಂಟಿಕೊಂಡಿರುವ ಕಪ್ಪು ಬಿಳುಪು ಚೌಕಗಳನ್ನು ನೋಡಿ ಇಟ್ಟ ಹೆಸರು ಅದು. ಆ ಚೌಕಗಳೇ ಅವಳ ಕೆಲಸ. ಅಂಗಡಿ, ಕಾರ್ಖಾನೆ, ಆಸ್ಪತ್ರೆಗಳಿಗೆ ಬೇಕಾದ ಕ್ಯೂಆರ್ ಕೋಡ್‌ಗಳನ್ನು ಅವಳು ಸಾವಿರಗಟ್ಟಲೆ ಮಾಡಿ, ಸ್ಟಿಕ್ಕರ್ ಹಾಳೆಯ ಮೇಲೆ ಅಚ್ಚು ಹಾಕಿ, ಕತ್ತರಿಸಿ, ಕಟ್ಟು ಕಟ್ಟಿ ಕೊಡುತ್ತಾಳೆ. ಕೊಟ್ಟ ಮೇಲೂ ಅವುಗಳ ಮೇಲೆ ಒಂದು ಕಣ್ಣಿಟ್ಟಿರುತ್ತಾಳೆ. ಈ ಕೊನೆಯ ಭಾಗವನ್ನು ಜನ ಕೆಲಸವೆಂದು ಎಣಿಸುವುದಿಲ್ಲ. ಆದರೆ ಈ ಕಥೆ ನಡೆದದ್ದೇ ಆ ಭಾಗದಿಂದ.

ಅವಳ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಅದು ಮೊದಲು ನಮ್ಮ ತಾತನದಾಗಿತ್ತು. ತಾತ ಬೋರ್ಡು ಬರೆಯುತ್ತಿದ್ದವರು. ಅವರ ಕುಂಚದಿಂದ ಬಿದ್ದ ಬಣ್ಣದ ಹನಿಗಳು ನೆಲದ ಮೇಲೆ ಇನ್ನೂ ಇವೆ. ಬಾಗಿಲ ಬಳಿ ಕೆಂಪು, ಕಿಟಕಿಯ ಕೆಳಗೆ ನೀಲಿ. ನೆಲಕ್ಕೆ ಹೊಸ ಕಲ್ಲು ಹಾಕಿಸೋಣ ಎಂದು ಯಾರಾದರೂ ಅಂದರೆ ದೊಡ್ಡಮ್ಮನಿಗೆ ಆ ಕ್ಷಣ ಕಿವಿ ಕೇಳಿಸುವುದಿಲ್ಲ. ಅವಳು ಕೆಲಸ ಮಾಡುವ ಉದ್ದನೆಯ ಮೇಜು ಕೂಡ ತಾತ ಬರೆದ ಒಂದು ಬೋರ್ಡೇ. ಬಣ್ಣ ಒಣಗುವ ಮೊದಲೇ ಅದನ್ನು ಬರೆಸಿದ ಅಂಗಡಿ ಮುಚ್ಚಿಹೋಯಿತಂತೆ. ಬೋರ್ಡು ಒಯ್ಯಲು ಯಾರೂ ಬರಲಿಲ್ಲ. ತಾತ ಅದನ್ನು ಬೋರಲು ಹಾಕಿ ನಾಲ್ಕು ಕಾಲು ಜೋಡಿಸಿದರು. ಮೇಜಿನ ಕೆಳಗೆ ಬಗ್ಗಿ ನೋಡಿದರೆ ‘ಉತ್ತಮ ಕೊಡೆಗಳು’ ಎಂಬ ದಪ್ಪ ಅಕ್ಷರಗಳು ಈಗಲೂ ಕಾಣುತ್ತವೆ.

ಕೈಯಿಂದ ಬರೆಯುವ ಬೋರ್ಡುಗಳು ಕಡಿಮೆಯಾದಾಗ ದೊಡ್ಡಮ್ಮ ಸ್ಟಿಕ್ಕರ್ ಅಚ್ಚಿಗೆ ಇಳಿದಳು. ಆಮೇಲೆ ಕೋಡ್‌ಗಳಿಗೆ. ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವನು ಕತ್ತರಿಯಣ್ಣ. ತಾತನ ಕಾಲದಲ್ಲಿ ಬೋರ್ಡಿನ ತಗಡು ಕತ್ತರಿಸುತ್ತಿದ್ದವನು ಅವನೇ. ತಗಡು ಹೋಗಿ ಕಾಗದ ಬಂದರೂ ಅವನು ಜಾಗ ಬಿಟ್ಟಿಲ್ಲ, ಕೆಲಸ ಮಾಡುವಾಗ ಗುನುಗುವುದನ್ನೂ ಬಿಟ್ಟಿಲ್ಲ.

ಮನೆ ಮಾತ್ರ ದೊಡ್ಡಮ್ಮನ ಹೆಸರಿನಲ್ಲಿಲ್ಲ. ಅದು ಅವಳ ತಮ್ಮನ, ಅಂದರೆ ನಮ್ಮ ಸೋದರಮಾವನ ಪಾಲಿಗೆ ಬಂದದ್ದು. ಮಾವ ಮಹಡಿಯ ಮೇಲಿದ್ದಾನೆ. ಕೆಟ್ಟವನಲ್ಲ. ಆದರೆ ಖಾಲಿ ಜಾಗ ಕಂಡರೆ, ಅಥವಾ ಅವನಿಗೆ ಖಾಲಿ ಎಂದು ಕಂಡರೆ, ಅವನ ಕೈ ಸುಮ್ಮನಿರುವುದಿಲ್ಲ.

“ಅಕ್ಕಾ, ಬಸ್ ಸ್ಟಾಂಡಿಗೆ ಇಷ್ಟು ಹತ್ತಿರ ಇರೋ ಕೋಣೆ. ಮೊಬೈಲ್ ಕವರ್ ಮಾರೋನು ಒಬ್ಬ ದಿನಾ ಫೋನ್ ಮಾಡ್ತಾನೆ. ನೀನು ಇಲ್ಲಿ ಕೂತು ಚುಕ್ಕಿ ಇಡ್ತಾ ಇದೀಯ.”

“ಚುಕ್ಕಿ ಅಲ್ಲ, ಚೌಕ.”

“ಏನೋ ಒಂದು. ತಿಂಗಳಲ್ಲಿ ಅರ್ಧಕ್ಕರ್ಧ ದಿನ ಬಾಗಿಲು ಹಾಕಿರುತ್ತೆ.”

ಅದು ಸುಳ್ಳಲ್ಲ. ಚಿಲ್ಲರೆ ಕೆಲಸ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಥ ಹೊತ್ತಿನಲ್ಲೇ ಗೋದಾಮಿನ ಕೆಲಸ ಬಂತು. ನೀರಿನ ಪಂಪುಗಳ ಬಿಡಿಭಾಗ ಮಾರುವ ಕಂಪನಿಯೊಂದು ಊರ ಹೊರಗೆ ಹೊಸ ಗೋದಾಮು ಕಟ್ಟಿತ್ತು. ಒಳಗೆ ಸಾಲು ಸಾಲು ಕಪಾಟುಗಳು, ಕಪಾಟಿನ ತುಂಬ ಎಳೆಯುವ ಗೂಡುಗಳು, ಸಾವಿರಾರು. ಪ್ರತಿ ಗೂಡಿಗೂ ಒಂದು ಕೋಡ್. ಕೆಲಸಗಾರ ಅದಕ್ಕೆ ಸ್ಕ್ಯಾನರ್ ಹಿಡಿದರೆ ಒಳಗಿರುವ ಭಾಗ ಯಾವುದು, ಯಾವ ಪಂಪಿಗೆ, ಎಷ್ಟು ಉಳಿದಿದೆ ಎಂಬ ಪುಟ ತೆರೆಯಬೇಕು. ಒಂದು ವಾಷರ್‌ಗೂ ಇನ್ನೊಂದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ ಇರುವುದರಿಂದ ಕಣ್ಣಳತೆ ಅಲ್ಲಿ ನಡೆಯುವುದಿಲ್ಲ. ಈ ಕೆಲಸ ಸರಿಹೋದರೆ ಕಂಪನಿಯ ಉಳಿದ ಗೋದಾಮುಗಳ ಕೋಡ್‌ಗಳನ್ನು ಮಾಡುವುದೂ ನೋಡಿಕೊಳ್ಳುವುದೂ ದೊಡ್ಡಮ್ಮನಿಗೇ ಎಂದು ಮಾತಾಯಿತು.

ಮಾವ ಅದನ್ನು ಕೇಳಿ ಒಂದು ಗೆರೆ ಎಳೆದ. “ಆಯ್ತು. ಈ ಕೆಲಸ ಕೈಹಿಡಿದರೆ ಕೋಣೆ ನಿನ್ನದು, ನಾನು ಮತ್ತೆ ಬಾಯಿ ತೆಗೆಯೋದಿಲ್ಲ. ಕೈಕೊಟ್ಟರೆ ಮೊಬೈಲ್ ಕವರಿನವನಿಗೆ.”

“ಆಯ್ತು,” ಎಂದಳು ದೊಡ್ಡಮ್ಮ. ನೆಲದ ಮೇಲಿನ ಕೆಂಪು ಹನಿಗಳನ್ನು ಒಮ್ಮೆ ನೋಡಿ ಕಂಪ್ಯೂಟರಿನ ಕಡೆ ತಿರುಗಿದಳು.

ಮಾವ ಅಲ್ಲಿಗೂ ಬಿಡಲಿಲ್ಲ. ಕೋಣೆ ಬಾಡಿಗೆಗೆ ಇದೆ ಎಂದು ಹೇಳುವ ಕೋಡ್ ಒಂದನ್ನು ಈಗಲೇ ಮಾಡಿಕೊಡು ಎಂದ. ಬೋರ್ಡು ಬೇಡವಂತೆ, ಬೀದಿಯವರೆಲ್ಲ ಕಾರಣ ಕೇಳುತ್ತಾರೆ. ಅಕ್ಷರವಿಲ್ಲದ ಒಂದು ಚೌಕ ಷಟರಿನ ಮೇಲಿದ್ದರೆ ಬೇಕಾದವರು ಮಾತ್ರ ಸ್ಕ್ಯಾನ್ ಮಾಡಿಕೊಳ್ಳುತ್ತಾರೆ.

“ನನ್ನನ್ನ ಹೊರಗೆ ಹಾಕೋ ಚೀಟೀನ ನಾನೇ ಅಚ್ಚು ಹಾಕ್ಬೇಕಾ?”

“ಮನೇಲಿ ಡಾಕ್ಟರ್ ಇಟ್ಕೊಂಡು ಇಂಜೆಕ್ಷನ್‌ಗೆ ಹೊರಗೆ ಹೋಗ್ತಾರಾ ಯಾರಾದ್ರೂ?”

ಕತ್ತರಿಯಣ್ಣ ನಗು ತಡೆಯಲಾಗದೆ ಯಂತ್ರದ ಹಿಂದೆ ಹೋದ. ದೊಡ್ಡಮ್ಮ ಕೋಡ್ ಮಾಡಿಕೊಟ್ಟಳು. ಬೇಜಾರಿನ ಕೆಲಸವೆಂದು ಅರೆಮನಸ್ಸಿನಿಂದ ಮಾಡಲಿಲ್ಲ. ಬಿಸಿಲಿಗೆ ಮಾಸದ ಶಾಯಿ, ನೀರಿಗೆ ಏಳದ ಅಂಟು ಹಾಕಿದಳು. ಮಾವ ಅದನ್ನು ಷಟರಿನ ಬದಿಗೆ ಅಂಟಿಸಿ ಅಂಗೈಯಿಂದ ಚೆನ್ನಾಗಿ ಒತ್ತಿದ.

ಇಲ್ಲಿ ಕೋಡ್‌ಗಳ ಬಗ್ಗೆ ಒಂದು ವಿಷಯವನ್ನು ಸರಿಯಾಗಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದೊಡ್ಡಮ್ಮನ ಅಂಗಡಿಯಲ್ಲಿ ಎರಡು ಬಗೆ. ಒಂದು ಗಟ್ಟಿ ಕೋಡ್. ಅದು ಹೇಳಬೇಕಾದ ಮಾತೆಲ್ಲ ಆ ಚುಕ್ಕಿಗಳ ಒಳಗೇ ಕೂತಿರುತ್ತದೆ. ಅಚ್ಚಾದ ಮೇಲೆ ಯಾರೂ ಬದಲಾಯಿಸಲಾಗದು. ಇನ್ನೊಂದು ತಿರುಗುವ ಕೋಡ್. ಅದರೊಳಗೆ ಇರುವುದು ಒಂದು ಚಿಕ್ಕ ವಿಳಾಸ ಅಷ್ಟೇ. ಆ ವಿಳಾಸಕ್ಕೆ ಬಂದವರನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನು ದೊಡ್ಡಮ್ಮ ತನ್ನ ಕಂಪ್ಯೂಟರಿನಲ್ಲಿ ಕೂತು ಯಾವಾಗ ಬೇಕಾದರೂ ಬದಲಾಯಿಸಬಹುದು. ಅಂಚೆಯವನಿಗೆ ಮನೆ ಬದಲಾಯಿಸಿದ್ದು ಹೇಳಿಟ್ಟ ಹಾಗೆ. ತಿರುಗುವ ಕೋಡ್‌ಗೆ ಖರ್ಚೂ ಹೆಚ್ಚು, ನಿಗಾವೂ ಹೆಚ್ಚು. ಆದರೂ ಅವಳು ಅದನ್ನೇ ಮಾಡುವುದು.

ಗೋದಾಮಿನ ಉಸ್ತುವಾರಿ ಒಬ್ಬ ಮೇಡಂ ಅವರದು. ವಯಸ್ಸು ಚಿಕ್ಕದು, ಮಾತು ಕಡಿಮೆ, ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳುವವರಲ್ಲ. ಮಾದರಿ ನೋಡಿ ಅವರು ಎರಡು ಬದಲಾವಣೆ ಕೇಳಿದರು. ಸ್ಟಿಕ್ಕರ್ ಸ್ವಲ್ಪ ಚಿಕ್ಕದಾಗಲಿ, ಗೂಡಿನ ಹಿಡಿಕೆಗೆ ತಾಗುತ್ತದೆ. ಚೌಕದ ಕೆಳಗಿನ ಸಂಖ್ಯೆ ತೆಗೆಯಿರಿ, ನೋಡಲು ಗಿಜಿಗಿಜಿ ಅನ್ನಿಸುತ್ತದೆ.

ದೊಡ್ಡಮ್ಮ ಪ್ರತಿ ಕೋಡ್ ಕೆಳಗೂ ಒಂದು ಪುಟ್ಟ ಸಂಖ್ಯೆ ಹಾಕುವುದು ವಾಡಿಕೆ. ಚೌಕಗಳೆಲ್ಲ ಮನುಷ್ಯರ ಕಣ್ಣಿಗೆ ಒಂದೇ ಥರ; ಸಂಖ್ಯೆ ಇದ್ದರೆ ಯಾವುದು ಯಾವುದೆಂದು ತಿಳಿಯುತ್ತದೆ. ಅವಳ ನಾಲಿಗೆಯ ತುದಿಗೆ ‘ಬೇಡ, ಇರಲಿ’ ಎಂಬ ಮಾತು ಬಂದಿತ್ತಂತೆ. ದೊಡ್ಡ ಕೆಲಸ, ಮೊದಲ ಸಲ, ಕೇಳುತ್ತಿರುವುದು ಇಷ್ಟು ಸಣ್ಣ ವಿಷಯ. ಸಂಖ್ಯೆ ತೆಗೆದಳು.

ಸ್ಟಿಕ್ಕರ್ ಚಿಕ್ಕದಾದ್ದರಿಂದ ಹಾಳೆಯ ಜೋಡಣೆಯನ್ನೂ ಹೊಸದಾಗಿ ಮಾಡಬೇಕಾಯಿತು. ತಪ್ಪು ಹುಟ್ಟಿದ್ದು ಅಲ್ಲಿ. ಒಂದು ಹಾಳೆಯಲ್ಲಿ ಹಲವು ಕೋಡ್‌ಗಳು ಸಾಲಾಗಿ ಇರುತ್ತವೆ. ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಒಟ್ಟಿಗೆ ಕತ್ತರಿಸುತ್ತಾರೆ. ಹಾಗೆ ಕತ್ತರಿಸಿದಾಗ ಒಂದು ಕಟ್ಟಿನಲ್ಲಿ ಬರುವುದು ಒಂದೇ ಹಾಳೆಯ ಅಕ್ಕಪಕ್ಕದ ಕೋಡ್‌ಗಳಲ್ಲ, ಬೇರೆ ಬೇರೆ ಹಾಳೆಗಳ ಅದೇ ಜಾಗದ ಕೋಡ್‌ಗಳು. ಅದಕ್ಕೇ ಎರಡನೆಯ ಕೋಡನ್ನು ಮೊದಲನೆಯದರ ಪಕ್ಕದಲ್ಲಿ ಇಡದೆ ಮುಂದಿನ ಹಾಳೆಯ ಅದೇ ಜಾಗದಲ್ಲಿ ಇಡಬೇಕು. ಆಗ ಕತ್ತರಿಸಿದ ಕಟ್ಟು ತಾನಾಗಿ ಕ್ರಮದಲ್ಲಿ ಬರುತ್ತದೆ. ದೊಡ್ಡಮ್ಮ ವರ್ಷಗಟ್ಟಲೆ ಹೀಗೇ ಮಾಡಿದವಳು. ಆದರೆ ಜೋಡಣೆಯನ್ನು ಹೊಸದಾಗಿ ತೆರೆದಾಗ ಕಂಪ್ಯೂಟರು ಎಲ್ಲರಿಗೂ ಇಡುವ ಹಾಗೆ ಅಕ್ಕಪಕ್ಕವೇ ಇಟ್ಟಿತು. ಅವಳು ಸ್ಟಿಕ್ಕರಿನ ಅಳತೆ ನೋಡಿದಳು, ಅಂಚು ನೋಡಿದಳು, ಕ್ರಮ ನೋಡಲಿಲ್ಲ. ಕೆಳಗೆ ಸಂಖ್ಯೆ ಇದ್ದಿದ್ದರೆ ಕಟ್ಟು ಕಟ್ಟುವಾಗಲೇ ಕತ್ತರಿಯಣ್ಣನಿಗೆ ಕಾಣುತ್ತಿತ್ತು. ಸಂಖ್ಯೆ ಇರಲಿಲ್ಲ.

ಕಳಿಸುವ ಮೊದಲು ಅವಳು ಪರೀಕ್ಷೆಯನ್ನೂ ಮಾಡಿದಳು. ಪ್ರತಿ ಕಟ್ಟಿನಿಂದ ಕೆಲವನ್ನು ಎತ್ತಿ ಫೋನು ಹಿಡಿದಳು. ಎಲ್ಲ ತೆರೆದವು. ತೆರೆಯಿತು ಎಂದು ನೋಡಿದಳು, ಏನು ತೆರೆಯಿತು ಎಂದು ನೋಡಲಿಲ್ಲ.

ಸ್ಟಿಕ್ಕರುಗಳು ಹೋದವು. ಗೋದಾಮಿನ ಕೆಲಸಗಾರರು ಅವನ್ನು ಗೂಡುಗಳಿಗೆ ಅಂಟಿಸಿದರು, ಹಳೆಯ ಗೋದಾಮಿನಿಂದ ಮಾಲು ತಂದು ನಕ್ಷೆಯಂತೆ ತುಂಬಿದರು. ಸೋಮವಾರ ಬೆಳಿಗ್ಗೆಯಿಂದ ಆರ್ಡರುಗಳು ಹೊರಡಬೇಕು. ಅದರ ಹಿಂದಿನ ಶುಕ್ರವಾರ ಮೇಡಂ ಫೋನ್ ಮಾಡಿದರು.

“ಅಮ್ಮಾ, ನೀವೊಂದ್ಸಲ ಬಂದು ನೋಡ್ಬೇಕು. ಕೋಡ್ ಎಲ್ಲಾ ತೆರೀತಿದೆ. ಆದ್ರೆ ವಾಷರ್ ಗೂಡಿಗೆ ಹಿಡಿದ್ರೆ ಪಂಪಿನ ಮುಚ್ಚಳ ಬರ್ತಿದೆ.”

“ಒಂದು ಗೂಡಾ?”

“ನಾನು ನೋಡಿದ್ದೆಲ್ಲಾ.”

ಮಾವನ ಕಾರಿನಲ್ಲೇ ಹೋದರು, ಕತ್ತರಿಯಣ್ಣನೂ ಜೊತೆಗಿದ್ದ.

ಗೋದಾಮು ಎತ್ತರವಾಗಿ, ತಣ್ಣಗೆ, ಹೊಸ ಬಣ್ಣದ ವಾಸನೆಯಿಂದ ತುಂಬಿತ್ತು. ದೊಡ್ಡಮ್ಮ ಒಂದು ಗೂಡಿಗೆ ಫೋನು ಹಿಡಿದಳು, ಗೂಡು ಎಳೆದು ಒಳಗೆ ನೋಡಿದಳು. ಪಕ್ಕದ್ದು. ಅದರ ಪಕ್ಕದ್ದು. ಕತ್ತರಿಯಣ್ಣ ಕೈ ಕಟ್ಟಿಕೊಂಡು ನಿಂತಿದ್ದ.

“ನಾನು ಕಟ್ಟು ಅದಲು ಬದಲು ಮಾಡಿಲ್ಲ ತಾಯಿ. ಯಂತ್ರದಿಂದ ಬಂದ ಹಾಗೇ ಕಟ್ಟಿದೀನಿ.”

“ಅದೇ ಆಗಿರೋದು. ನೀನು ಸರಿಯಾಗೇ ಕಟ್ಟಿದೀಯ.” ಅವಳು ಲ್ಯಾಪ್‌ಟಾಪ್ ತೆರೆದು ಹಾಳೆಯ ಜೋಡಣೆ ನೋಡಿದಳು. ನೋಡಿದ ತಕ್ಷಣ ತಿಳಿಯಿತು. ಮೇಡಂ ಕಡೆ ತಿರುಗಿ, “ತಪ್ಪು ನಂದು,” ಎಂದಳು.

ಮೇಡಂ ಸಿಟ್ಟು ಮಾಡಲಿಲ್ಲ. “ಸೋಮವಾರದೊಳಗೆ ಆಗುತ್ತಾ ಇಲ್ವಾ, ಅಷ್ಟು ಹೇಳಿ. ಆಗಲ್ಲ ಅಂದ್ರೆ ನಾನು ಈಗ್ಲೇ ಬೇರೆಯವರನ್ನ ಕರೀಬೇಕು. ನಿಮ್ಮ ಮೇಲೆ ಕೋಪ ಅಲ್ಲ, ಸೋಮವಾರ ಅನ್ನೋದು ನನಗೂ ನಿಲ್ಲಲ್ಲ.”

“ಆಗುತ್ತೆ,” ಎಂದಳು ದೊಡ್ಡಮ್ಮ. ಹೇಗೆ ಎಂಬುದು ಆಗ ಅವಳಿಗೂ ಗೊತ್ತಿರಲಿಲ್ಲ.

ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವುದೇ: ಕಿತ್ತು ಬೇರೆ ಅಂಟಿಸುವುದು. ಕತ್ತರಿಯಣ್ಣ ಉಗುರಿನಿಂದ ಒಂದು ಸ್ಟಿಕ್ಕರಿನ ಮೂಲೆ ಎಬ್ಬಿಸಿದ. ಅರ್ಧ ಬಂತು, ಅರ್ಧ ಹರಿಯಿತು. ಉಳಿದರ್ಧವನ್ನು ಕೆರೆದಾಗ ಗೂಡಿನ ಹೊಸ ಬಣ್ಣವೂ ಜೊತೆಗೇ ಎದ್ದು ಬಂತು. ಇನ್ನೊಂದನ್ನು ಒದ್ದೆ ಬಟ್ಟೆಯಿಂದ ನೋಡಿದರು. ನೀರಿಗೆ ಏಳದ ಅಂಟು, ದೊಡ್ಡಮ್ಮ ತಾನೇ ಹುಡುಕಿ ಆರಿಸಿದ್ದು. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು.

ಮಾವ ಕಾರಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಹೇಳಿದ: “ಅಕ್ಕಾ, ಒಪ್ಪಿಕೊಂಡು ಬಿಡು. ಇದನ್ನೆಲ್ಲ ಕೀಳೋ ಹೊತ್ತಿಗೆ ನಿನ್ನ ಉಗುರೂ ಉಳಿಯೋದಿಲ್ಲ, ಇವರ ಬಣ್ಣವೂ ಉಳಿಯೋದಿಲ್ಲ.”

ದೊಡ್ಡಮ್ಮ ಹರಿದ ಸ್ಟಿಕ್ಕರನ್ನು ಬೆರಳಿನಲ್ಲಿ ಹಿಡಿದುಕೊಂಡು ಅಲ್ಲೇ ಒಂದು ಮಗುಚಿಟ್ಟ ಪೆಟ್ಟಿಗೆಯ ಮೇಲೆ ಕೂತಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎದ್ದಳು.

“ನಾವ್ಯಾಕೆ ಇದನ್ನ ಕೀಳ್ತಾ ಇದೀವಿ?”

“ತಪ್ಪು ಗೂಡಿನ ಮೇಲಿದೆ ಅಂತ,” ಎಂದ ಕತ್ತರಿಯಣ್ಣ, ಇವಳಿಗೆ ಏನಾಯಿತು ಎಂಬಂತೆ.

“ಗೂಡು ತಪ್ಪಲ್ಲ. ಸ್ಟಿಕ್ಕರ್ ಇರೋ ಕಡೆ ಇರಲಿ. ಅದು ಹೇಳೋ ಮಾತನ್ನ ಬದಲಾಯಿಸೋಣ. ಇವೆಲ್ಲ ತಿರುಗುವ ಕೋಡ್ ಅಲ್ವಾ? ಯಾವ ಗೂಡಿನ ಮೇಲೆ ಯಾವ ಕೋಡ್ ಬಂದು ಕೂತಿದೆ ಅನ್ನೋದು ಗೊತ್ತಾದ್ರೆ ಸಾಕು. ಕಂಪ್ಯೂಟರಿನಲ್ಲಿ ಆ ಕೋಡನ್ನ ಆ ಗೂಡಿನ ಕಡೆಗೇ ತಿರುಗಿಸಿಬಿಡ್ತೀನಿ.”

ಮೇಡಂ ತಕ್ಷಣ ಹಿಡಿದುಕೊಂಡರು. “ಹಾಗಿದ್ರೆ ನಡೆದು ನೋಡೋದೂ ಬೇಡ. ನಿಮ್ಮ ಹಾಳೆಯ ಜೋಡಣೆ ಗೊತ್ತಿದೆ. ಯಾವ ಕೋಡ್ ಎಲ್ಲಿಗೆ ಹೋಗಿರುತ್ತೆ ಅಂತ ಲೆಕ್ಕ ಹಾಕಿ ಹಿಂದಕ್ಕೆ ತಿರುಗಿಸಬಹುದಲ್ವಾ?”

ಒಳ್ಳೆಯ ಯೋಚನೆಯೇ. ಮೊದಲ ಕಪಾಟಿಗೆ ಇಬ್ಬರೂ ಸೇರಿ ಹಾಗೆ ಮಾಡಿ ನೋಡಿದರು. ಅರ್ಧದವರೆಗೆ ಎಲ್ಲ ಸರಿಯಾಗಿ ಬಂತು. ಅಲ್ಲಿಂದ ಮುಂದೆ ಬರಲಿಲ್ಲ. ಮೇಡಂ ಅಂಟಿಸಿದವರನ್ನು ಕರೆಸಿ ಕೇಳಿದಾಗ ಕಾರಣ ತಿಳಿಯಿತು. ಕೆಲವರು ಕಟ್ಟನ್ನು ಮೇಲಿನಿಂದ ತೆಗೆದಿದ್ದರು, ಕೆಲವರು ಮಗುಚಿಕೊಂಡು ಕೆಳಗಿನಿಂದ. ಒಂದು ಕಟ್ಟು ಕೈಜಾರಿ ಬಿದ್ದಿತ್ತು, ಆರಿಸಿ ಜೋಡಿಸಿಕೊಂಡಿದ್ದರು. ಎಲ್ಲ ಚೌಕವೂ ಒಂದೇ ಥರ ಕಂಡ ಮೇಲೆ ಅವರದು ತಪ್ಪೆನ್ನಲಾಗದು.

“ಊಹೆ ಬೇಡ,” ಎಂದಳು ದೊಡ್ಡಮ್ಮ. “ಒಂದೊಂದರ ಮುಂದೂ ನಿಂತು ನೋಡೋಣ.”

“ಇಷ್ಟನ್ನೂ?” ಮಾವ ಸಾಲುಗಳ ಕಡೆ ಕತ್ತು ಚಾಚಿದ. ಸಾಲುಗಳು ಆ ಕಡೆಯ ಗೋಡೆಯವರೆಗೂ ಇದ್ದವು.

“ಇಷ್ಟನ್ನೂ.”

ಶನಿವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಮೇಡಂ ಕೈಯಲ್ಲಿ ಹಿಡಿಯುವ ಸ್ಕ್ಯಾನರುಗಳನ್ನು ಕೊಟ್ಟರು, ಗೂಡುಗಳ ನಕ್ಷೆಯನ್ನು ಕೊಟ್ಟರು. ಕ್ರಮ ಹೀಗೆ: ಒಂದು ಕಪಾಟಿನ ಮುಂದೆ ನಿಲ್ಲುವುದು, ಮೇಲಿನ ಸಾಲಿನ ಎಡದಿಂದ ಬಲಕ್ಕೆ, ಆಮೇಲೆ ಅದರ ಕೆಳಗಿನ ಸಾಲು, ಒಂದೊಂದು ಗೂಡಿನ ಕೋಡನ್ನೂ ಬೀಪ್ ಅನ್ನಿಸುವುದು. ನಕ್ಷೆಯಲ್ಲಿ ಗೂಡುಗಳು ಅದೇ ಕ್ರಮದಲ್ಲಿವೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಗೂಡಿಗೆ ಯಾವ ಕೋಡ್ ಎಂಬುದು ಸಿಕ್ಕಿತು.

ಮೊದಲ ತೊಡಕು ಬೇಗನೆ ಬಂತು. ಗೂಡುಗಳು ಒತ್ತೊತ್ತಾಗಿ ಇದ್ದದ್ದರಿಂದ ಸ್ಕ್ಯಾನರು ಒಮ್ಮೊಮ್ಮೆ ಪಕ್ಕದ ಮನೆಗೆ ಇಣುಕುತ್ತಿತ್ತು. ಕತ್ತರಿಯಣ್ಣ ಒಂದು ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ, ನಡುವೆ ಸ್ಟಿಕ್ಕರಿನಷ್ಟೇ ಅಗಲದ ಕಿಟಕಿ ಕತ್ತರಿಸಿಕೊಟ್ಟ. ರಟ್ಟನ್ನು ಗೂಡಿಗೆ ಒತ್ತಿ ಹಿಡಿದರೆ ಒಂದೇ ಚೌಕ ಕಾಣುತ್ತದೆ. ಅಳತೆ ನೋಡದೆ ಕತ್ತರಿಸಿದ್ದರೂ ಅಂಚಿಗೆ ಅಂಚು ಕೂತಿತು.

ಎರಡನೆಯದನ್ನು ಕಂಡವರು ಮೇಡಂ. “ನಡುವೆ ಒಂದು ಗೂಡು ಬಿಟ್ಟುಹೋದ್ರೆ? ಅಥವಾ ಒಂದೇ ಗೂಡು ಎರಡು ಸಲ ಬೀಪ್ ಆದ್ರೆ? ಅಲ್ಲಿಂದ ಮುಂದಿನದೆಲ್ಲ ಒಂದೊಂದು ಮನೆ ಸರಿಯುತ್ತೆ. ಮತ್ತೆ ಇದೇ ಗೋಳು.”

ದೊಡ್ಡಮ್ಮನ ಕೈ ನಿಂತಿತು. ಅದೇ ತಪ್ಪನ್ನು ಎರಡನೆಯ ಸಲ ಮಾಡಲು ಹೊರಟಿದ್ದಳು, ಈ ಸಲ ನಡೆದುಕೊಂಡು. ಅವಳು ಚೀಲದಿಂದ ಖಾಲಿ ಸ್ಟಿಕ್ಕರುಗಳನ್ನು ತೆಗೆದು, ತಂದಿದ್ದ ಚಿಕ್ಕ ಪ್ರಿಂಟರಿನಲ್ಲಿ ಪ್ರತಿ ಕಪಾಟಿಗೆ ಒಂದು ಬೇರೆಯೇ ಕೋಡ್ ಅಚ್ಚು ಹಾಕಿದಳು. ಕಪಾಟು ಶುರುಮಾಡುವಾಗ ಅದನ್ನು ಒಮ್ಮೆ ಬೀಪ್ ಅನ್ನಿಸಬೇಕು, ಮುಗಿಸುವಾಗ ಇನ್ನೊಮ್ಮೆ. ಅವೆರಡರ ನಡುವೆ ಬಂದ ಕೋಡ್‌ಗಳು ಆ ಕಪಾಟಿನ ಗೂಡುಗಳಷ್ಟೇ ಇರಬೇಕು, ಒಂದೂ ಎರಡು ಸಲ ಬಂದಿರಬಾರದು. ಹೆಚ್ಚು ಕಡಿಮೆ ಬಂದರೆ ಆ ಕಪಾಟು ಮತ್ತೆ ಮೊದಲಿನಿಂದ. ತಪ್ಪಾದರೂ ಅದು ಒಂದು ಕಪಾಟಿನ ಆಚೆ ದಾಟುವುದಿಲ್ಲ. ಅವಳು ಅದನ್ನು ಕಾವಲು ಕೋಡ್ ಎಂದಳು. ಈ ಸಲ ಅದರ ಕೆಳಗೆ ಸಂಖ್ಯೆಯನ್ನೂ ಹಾಕಿದಳು. ಮೇಡಂ ನೋಡಿದರು, ಗಿಜಿಗಿಜಿ ಎನ್ನಲಿಲ್ಲ.

ಮಾವ ಹೊರಡುವವನು ಹೊರಡಲಿಲ್ಲ. ಮೇಲಿನ ಸಾಲಿಗೆ ಏಣಿ ಹತ್ತಿದ ಅಕ್ಕ ಒಂದು ಕೈಯಲ್ಲಿ ರಟ್ಟು, ಒಂದು ಕೈಯಲ್ಲಿ ಸ್ಕ್ಯಾನರು ಹಿಡಿದು ತೂಗಾಡುತ್ತಿದ್ದದ್ದನ್ನು ನೋಡಲಾರದೆ ಹೋಗಿ ಏಣಿ ಹಿಡಿದ.

“ಬಿದ್ದರೆ ಆಸ್ಪತ್ರೆಗೂ ನಾನೇ ಓಡಾಡ್ಬೇಕು, ಅದಕ್ಕೆ ಹಿಡಿದಿದೀನಿ.”

“ಗೊತ್ತು ಬಿಡಪ್ಪ. ಅಲ್ಲಾಡಿಸ್ಬೇಡ.”

“ನಾನೆಲ್ಲಿ ಅಲ್ಲಾಡಿಸ್ತಿದೀನಿ? ನೀನೇ ಅಲ್ಲಾಡ್ತಿರೋದು.”

ಚಿಕ್ಕವರಿದ್ದಾಗ ತಾತ ಎತ್ತರದ ಬೋರ್ಡು ಬರೆಯುವಾಗ ಇವರಿಬ್ಬರೂ ಹೀಗೇ ಏಣಿ ಹಿಡಿಯುತ್ತಿದ್ದರಂತೆ. ಆ ಮಾತನ್ನು ಇಬ್ಬರಲ್ಲಿ ಯಾರೂ ಅಂದು ಎತ್ತಲಿಲ್ಲ. ದೊಡ್ಡಮ್ಮ ಹೇಳಿದ್ದು ಬಹಳ ದಿನಗಳ ಮೇಲೆ.

ಬೀಪ್, ಬೀಪ್ ಎಂದು ಗೋದಾಮು ತುಂಬ ಹಕ್ಕಿಮರಿಗಳು ಕೂತ ಹಾಗೆ. ದೊಡ್ಡಮ್ಮ ಒಂದು ಕಡೆಯಿಂದ, ಕತ್ತರಿಯಣ್ಣ ಇನ್ನೊಂದು ಕಡೆಯಿಂದ, ಮೇಡಂ ತಮ್ಮ ಕೆಲಸ ಮುಗಿದಾಗಲೆಲ್ಲ ಬಂದು ನಡುವಿನಿಂದ. ಮೊಣಕಾಲು ನೋಯತೊಡಗಿದಾಗ ದೊಡ್ಡಮ್ಮ ಕೆಳಗಿನ ಸಾಲುಗಳಿಗೆ ಬಗ್ಗುವುದನ್ನು ಬಿಟ್ಟು ನೆಲದ ಮೇಲೆ ಕೂತುಕೊಂಡೇ ಸರಿಯುತ್ತ ಹೋದಳು. ಅವಳ ಸೀರೆಯ ಹಿಂಭಾಗ ಗೋದಾಮಿನ ಧೂಳನ್ನೆಲ್ಲ ಗುಡಿಸಿತು. “ಮೇಡಂ, ಇವತ್ತು ನಿಮಗೆ ನೆಲ ಒರೆಸೋರು ಬೇಡ,” ಎಂದಳು.

ಭಾನುವಾರ ಮಧ್ಯಾಹ್ನ ಕತ್ತರಿಯಣ್ಣನ ಒಂದು ಕಪಾಟಿನಲ್ಲಿ ಲೆಕ್ಕ ಕೂಡಲಿಲ್ಲ. ಒಂದು ಕೋಡ್ ಎರಡು ಸಲ ಬಂದಿತ್ತು.

“ಸೀನಿದೆ,” ಎಂದ ಅವನು ತಲೆ ತಗ್ಗಿಸಿ. “ಸೀನುವಾಗ ಬೆರಳು ಇನ್ನೊಂದ್ಸಲ ಒತ್ತಿರಬೇಕು. ಎರಡು ಬಂದಿದ್ರಲ್ಲಿ ಒಂದನ್ನ ಅಳಿಸಿಬಿಡಿ, ಸರಿಹೋಗುತ್ತೆ.”

ಅಳಿಸಿದರೆ ಸರಿಹೋಗುತ್ತಿತ್ತು, ಬಹುಶಃ. ದೊಡ್ಡಮ್ಮ ಅಳಿಸಲಿಲ್ಲ. “ಮೊದಲಿನಿಂದ.”

“ಒಂದು ಸೀನಿಗೆ ಇಡೀ ಕಪಾಟಾ?”

“ಒಂದು ಸೀನಿಗೆ ಇಡೀ ಕಪಾಟು. ಬಹುಶಃ ಅನ್ನೋದನ್ನ ನಂಬಿಯೇ ನಾವು ಇಲ್ಲಿ ಬಂದು ನಿಂತಿರೋದು.”

ಅವನು ಗೊಣಗುತ್ತ ಏಣಿ ಹತ್ತಿದ. ಆದರೆ ಮೊದಲಿನಿಂದಲೇ ಮಾಡಿದ, ಗುನುಗುವುದನ್ನೂ ನಿಲ್ಲಿಸಿ ಮಾಡಿದ. ಮುಗಿಸಿ ಮೊದಲ ಸಲದ ಪಟ್ಟಿಯ ಜೊತೆ ಇಟ್ಟು ನೋಡಿದಾಗ ತಿಳಿಯಿತು: ಸೀನಿದ ಜಾಗದಲ್ಲಿ ಎರಡು ಸಲ ಬಂದದ್ದು ಮಾತ್ರವಲ್ಲ, ಅದರ ಮುಂದಿನ ಸಾಲಿನಲ್ಲಿ ಎರಡು ಗೂಡು ಅದಲು ಬದಲೂ ಆಗಿದ್ದವು. ಒಂದನ್ನು ಅಳಿಸಿದ್ದರೆ ಲೆಕ್ಕ ಕೂಡುತ್ತಿತ್ತು, ತಪ್ಪು ಉಳಿಯುತ್ತಿತ್ತು. ಕತ್ತರಿಯಣ್ಣ ಇದನ್ನು ಯಾರಿಗೂ ಹೇಳುವುದು ಬೇಡ ಎಂದ. ದೊಡ್ಡಮ್ಮ ಒಪ್ಪಿದಳು, ಆಮೇಲೆ ಎಲ್ಲರಿಗೂ ಹೇಳಿದಳು.

ಕೊನೆಯ ಕಪಾಟು ಮುಗಿದಾಗ ಕಿಟಕಿಯ ಬೆಳಕು ಓರೆಯಾಗಿತ್ತು. ದೊಡ್ಡಮ್ಮ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೋಡ್‌ಗಳ ಸಾಲನ್ನೂ ಗೂಡುಗಳ ಸಾಲನ್ನೂ ಅಕ್ಕಪಕ್ಕ ಜೋಡಿಸಿ, ಪ್ರತಿ ಕಪಾಟಿನ ಮೊದಲು ಮತ್ತು ಕೊನೆ ಹೊಂದಿದೆಯೇ ಎಂದು ನೋಡಿ, ಎಲ್ಲವನ್ನೂ ಒಟ್ಟಿಗೆ ತಿರುಗಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತುವ ಮೊದಲು ಮತ್ತೊಮ್ಮೆ ಮೊದಲಿನಿಂದ ನೋಡಿದಳು. ಆಮೇಲೆ ಒತ್ತಿದಳು.

ಒಂದು ಸ್ಟಿಕ್ಕರೂ ಜಾಗ ಬಿಟ್ಟು ಕದಲಲಿಲ್ಲ. ನೋಡಲು ಗೋದಾಮಿನಲ್ಲಿ ಏನೂ ನಡೆಯಲಿಲ್ಲ.

ಮೇಡಂ ಎದ್ದು ಹೋಗಿ ತಮಗೆ ತೋಚಿದ ಗೂಡಿಗೆ ಸ್ಕ್ಯಾನರು ಹಿಡಿದರು. ಪರದೆ ನೋಡಿದರು. ಗೂಡು ಎಳೆದು ಒಳಗಿನ ಉಂಗುರವನ್ನು ಬೆಳಕಿಗೆ ಹಿಡಿದರು. ಇನ್ನೊಂದು ಸಾಲಿಗೆ ಹೋದರು. ಮತ್ತೊಂದು. ದೊಡ್ಡಮ್ಮ ಎದ್ದು ನಿಂತೇ ಇದ್ದಳು. ಅವಳಿಗೆ ಕೇಳಿಸುತ್ತಿದ್ದದ್ದು ಬೀಪ್, ಆಮೇಲೆ ಗೂಡು ಎಳೆಯುವ ಸದ್ದು, ಆಮೇಲೆ ಮುಚ್ಚುವ ಸದ್ದು. ಬಹಳ ಹೊತ್ತು ಅಷ್ಟೇ. ಹರಿದುಹೋಗಿದ್ದ ಸ್ಟಿಕ್ಕರಿನ ಜಾಗಕ್ಕೆ ಸ್ಕ್ಯಾನ್ ಮಾಡುವ ಮೊದಲೇ ಹೊಸದನ್ನು ಅಂಟಿಸಿದ್ದ ಕತ್ತರಿಯಣ್ಣನೂ ಬಂದು ಅವಳ ಪಕ್ಕ ನಿಂತ.

ಮೇಡಂ ಆ ಕಡೆಯ ತುದಿಯಿಂದ ನಡೆದು ಬಂದರು. “ಬೇರೆ ಗೋದಾಮುಗಳಿಗೆ ಮಾಡುವಾಗ,” ಎಂದರು, “ಕೆಳಗೆ ಸಂಖ್ಯೆ ಹಾಕಿ. ಚಿಕ್ಕದಾಗಿ.”

“ಚಿಕ್ಕದಾಗೇ ಹಾಕ್ತೀನಿ,” ಎಂದಳು ದೊಡ್ಡಮ್ಮ. ಅವಳಿಗೆ ಕೂರಬೇಕೆನ್ನಿಸಿದ್ದು ಆಗ.

ಸೋಮವಾರ ಆರ್ಡರುಗಳು ಹೊರಟವು. ವಾಷರ್ ಕೇಳಿದವರಿಗೆ ವಾಷರ್ ಹೋಯಿತು. ಹೇಳುವಂಥದ್ದು ಏನೂ ನಡೆಯಲಿಲ್ಲ. ದೊಡ್ಡಮ್ಮನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ.

ಆದರೆ ಮಾವ ಶುಕ್ರವಾರವೇ, ಗೋದಾಮಿನಿಂದ ಫೋನು ಬಂದ ಗಾಬರಿಯಲ್ಲಿ, ಮೊಬೈಲ್ ಕವರಿನವನಿಗೆ ಕೋಣೆ ನೋಡಲು ಬಾ ಎಂದುಬಿಟ್ಟಿದ್ದ. ಆಮೇಲೆ ಏಣಿ ಹಿಡಿಯುವ ಗಡಿಬಿಡಿಯಲ್ಲಿ ಬೇಡ ಎನ್ನಲು ಮರೆತ. ಕವರಿನವನು ಬಂದೇಬಿಟ್ಟ. ಅಂಗಡಿಯ ಮುಂದೆ ನಿಂತು, ಷಟರಿನ ಬದಿಯ ಚೌಕಕ್ಕೆ ಫೋನು ಹಿಡಿದ. ಮಾವ ಮಹಡಿಯಿಂದ ಮೆಟ್ಟಿಲಿಳಿದು ಓಡಿ ಬರುವಷ್ಟರಲ್ಲಿ ಅವನು ಪರದೆ ಓದುತ್ತಿದ್ದ.

“ಇಲ್ಲಿ ಬಾಡಿಗೆ ವಿಷಯ ಏನೂ ಇಲ್ವಲ್ಲ ಸಾರ್. ‘ಕೋಡ್ ಮಾಡಿಕೊಡುತ್ತೇವೆ, ಮಾಡಿದ್ದನ್ನು ನೋಡಿಕೊಳ್ಳುತ್ತೇವೆ. ಪ್ರತಿ ಕೋಡ್ ಕೆಳಗೂ ಸಂಖ್ಯೆ ಇರುತ್ತದೆ’ ಅಂತಿದೆ.”

ಮಾವ ಅವನ ಫೋನು ಕಸಿದು ನೋಡಿದ. ಒಳಗೆ ತಿರುಗಿ, “ಅಕ್ಕಾ, ಏನಿದು?” ಎಂದ.

ದೊಡ್ಡಮ್ಮ ಮೇಜಿನಿಂದ ತಲೆ ಎತ್ತಲಿಲ್ಲ. ಹೊಸ ಹಾಳೆಯ ಜೋಡಣೆ ಅವಳ ಮುಂದಿತ್ತು. ಅಚ್ಚು ಹಾಕುವ ಮೊದಲು ಕ್ರಮವನ್ನು ಬೆರಳಿಟ್ಟು ನೋಡುತ್ತಿದ್ದಳು, ಮೊದಲ ಹಾಳೆಯ ಮೂಲೆ, ಮುಂದಿನ ಹಾಳೆಯ ಅದೇ ಮೂಲೆ. “ಅಂಟಿಸಿದ್ದು ನೀನೇ. ಅಂಗೈಯಲ್ಲಿ ಒತ್ತಿದ್ದೂ ನೀನೇ. ನಾನು ಸ್ಟಿಕ್ಕರ್ ಮುಟ್ಟೂ ಇಲ್ಲ.”

ಕತ್ತರಿಯಣ್ಣ ಯಂತ್ರದ ಹಿಂದೆ ಹೋದ.

ಮಾವ ಷಟರಿನ ಕಡೆ ತಿರುಗಿದ. ಚೌಕದ ಮೂಲೆಯನ್ನು ಉಗುರಿನಿಂದ ಒಮ್ಮೆ ಕೆದಕಿ ನೋಡಿದ. ಅದು ಏಳುವ ಜಾತಿಯದಲ್ಲ ಎಂಬುದು ನೆನಪಾಗಿರಬೇಕು. ಬಂದವನಿಗೆ ಏನೋ ಸಮಾಧಾನ ಹೇಳತೊಡಗಿ, ಆಮೇಲೆ ಮಾತು ಬದಲಾಯಿಸಿ ಕೇಳಿದ: “ಅಲ್ಲಪ್ಪ, ನಿನ್ನ ಅಂಗಡೀಲಿ ಎಷ್ಟು ಥರ ಕವರ್ ಇಟ್ಟಿದೀಯ? ಯಾವುದು ಯಾವ ಫೋನಿಗೆ ಅಂತ ಹೇಗೆ ಹುಡುಕ್ತೀಯ?”

“ಅದೇ ತಲೆನೋವು ಸಾರ್.”

“ಒಳಗೆ ಬಾ,” ಎಂದ ಮಾವ. “ಅಕ್ಕನ ಹತ್ತಿರ ಮಾತಾಡು.”